ಇಪ್ಪತ್ತೊಂಬತ್ತು ಟಕ್ಕರು

ಸಾಲಗುಂದ
ಧಾತು ಸಂವತ್ಸರ, ಕಾರ್ತಿಕ ಶುದ್ಧ ದಶಮಿ

ಚಿರಂಜೀವಿ ಅಂಬಪ್ಪನಿಗೆ ನಿನ್ನ ಅಪ್ಪ ಗಾಳೆಪ್ಪ ಮಾಡುವ ಆಶೀರ್ವಾದ. ಇಲ್ಲಿ ಜೋಳ ಮೊಣಕಾಲೆತ್ತರ ಬಂದಿದೆ, ನಿನ್ನ ಅವ್ವನ ಸೊಂಟನೋವು ಇದ್ದಲ್ಲೇ ಇದೆ, ಉಳಿದದ್ದೆಲ್ಲ ಕ್ಷೇಮ. ಈಗ ಮುಖ್ಯ ಸುದ್ದಿಗೆ ಬರುತ್ತೇನೆ. ನಮ್ಮ ಟಗರು ಸರದಾರ ಗೆದ್ದ.

ಹೋದ ವರ್ಷ ಮಸ್ಕಿಯಲ್ಲಿ, ಬಂಡಿ ಹೊಡೆಯುವ ಜಂಗ್ಲಿಸಾಬನ ಟಗರಿನ ಮುಂದೆ ಏಳನೆಯ ಟಕ್ಕರಿಗೇ ಬೆನ್ನು ತಿರುಗಿಸಿ ಓಡಿದ ಸರದಾರನೇ ಇವನು. ಆವತ್ತು ಊರಿಗೆ ಬರುವಾಗ ಎಷ್ಟು ಮಂದಿ ನಕ್ಕರು ಎಂಬುದು ನಿನಗೆ ಗೊತ್ತು. ಈ ಸಲ ದೀಪಾವಳಿಯ ಹಟ್ಟಿಹಬ್ಬ ಮುಗಿದ ಮೇಲೆ ಊರ ಮುಂದಿನ ಬಯಲಿನಲ್ಲಿ ಕಣ ಮಾಡಿದರು. ವಳಕಮದಿನ್ನಿಯ ವಿರೂಪಾಕ್ಷಪ್ಪ, ನೂರು ಕೂರಿಗೆ ಹೊಲದ ಸಾಹುಕಾರ, ತನ್ನ ಟಗರು ಹೊಡೆದುಕೊಂಡು ತಾನೇ ಬಂದಿದ್ದ. ಮೂರೇ ಟಕ್ಕರು. ನಾಲ್ಕನೆಯದಕ್ಕೆ ಅವನ ಟಗರು ನಿಂತಲ್ಲೇ ಉಚ್ಚೆ ಹೊಯ್ದು ಹಿಂದಕ್ಕೆ ಸರಿಯಿತು. ಕಾಳಗದ ದಿನ ಟಗರಿಗೆ ನೀರು ತೋರಿಸಬಾರದು ಎಂಬುದು ಕುರಿ ಕಾಯುವವರ ಕೂಸಿಗೂ ಗೊತ್ತು. ಇಷ್ಟು ಹೊಲವಿದ್ದು ಏನು ಮಾಡುವುದು, ಟಗರು ಸಾಕಲು ಬರದಿದ್ದರೆ.

ಸೋತರೂ ಮನುಷ್ಯ ಸಣ್ಣವನಲ್ಲ. ಬೆಳ್ಳಿಯ ಕಡಗ ತಂದು ತನ್ನ ಕೈಯಾರೆ ನನ್ನ ಕೈಗೆ ಹಾಕಿದ. "ಗಾಳೆಪ್ಪನವರ, ಮಗ ಕಚೇರ್ಯಾಗ ಸರದಾರ, ಟಗರು ಕಣದಾಗ ಸರದಾರ. ಇನ್ನೇನು ಬೇಕ್ರಿ ನಿಮಗ" ಅಂದ. ನಾಲ್ಕೂರ ಮಂದಿ ಕೇಳಿದರು.

ಜಂಗ್ಲಿಸಾಬನನ್ನೂ ಕರೆದೆ, ಬಾ, ಹಳೆಯ ಬಾಕಿ ತೀರಿಸೋಣ ಎಂದು. ಅವನು ಒಪ್ಪಲಿಲ್ಲ. "ಈ ವರ್ಷ ಬ್ಯಾಡ್ರಿ. ಈ ವರ್ಷ ನಿಮ್ಮ ಟಗರಿನ ಜೋಡಿ ನಿಮ್ಮ ಮಗನೂ ಕಣಕ್ಕ ಇಳಿತಾನ. ನನ್ನ ಕಡೆ ಇರೋದು ಒಂದ ಟಗರು" ಅಂದ. ನಿನ್ನ ಹೆಸರು ಮಸ್ಕಿಯ ಬಂಡಿಯವರ ಬಾಯಲ್ಲೂ ಇದೆ ಎಂದು ನನಗೆ ಎದೆ ತುಂಬಿತು. ಈ ಕಾಗದವೂ ಅವನ ಬಂಡಿಯಲ್ಲೇ ಬರುತ್ತದೆ. ಅವನಿಗೆ ಒಂದು ಚಹಾ ಕುಡಿಸು.

ಗಾಳೆಪ್ಪ

ಲಿಂಗಸುಗೂರು
೨ ಬಹಮನ್, ೧೩೪೬ ಫಸಲಿ

ತೀರ್ಥರೂಪ ಅಪ್ಪನವರ ಪಾದಕ್ಕೆ ಅಂಬಪ್ಪನ ನಮಸ್ಕಾರ.

ಕಾಗದ ಮುಟ್ಟಿತು. ಉಚ್ಚೆ ಹೊಯ್ದ ಭಾಗವನ್ನು ಕಚೇರಿಯ ಗೆಳೆಯರಿಗೆ ಉರ್ದುವಿನಲ್ಲಿ ಹೇಳಿದೆ, ಇಬ್ಬರು ಕುರ್ಚಿಯಿಂದ ಬೀಳುವುದು ಬಾಕಿ ಇತ್ತು. ಸಾಲಗುಂದದಿಂದ ಬಂದ ರೈತನ ಮಗ ಪೇಶ್ಕಾರನಾಗಿ ಕೂತದ್ದು ಇಲ್ಲಿ ಕೆಲವರಿಗೆ ಇನ್ನೂ ಜೀರ್ಣವಾಗಿಲ್ಲ. ಅವರಿಗೆಲ್ಲ ಈಗ ಸರದಾರನ ಹೆಸರು ಗೊತ್ತು.

ನನ್ನ ಕೆಲಸ ಏನೆಂದು ಅವ್ವ ಕೇಳುತ್ತಿರುತ್ತಾಳಂತೆ. ಹೀಗೆ ಹೇಳಿರಿ: ತಹಶೀಲ್ದಾರ ಸಾಹೇಬರ ಮುಂದೆ ಯಾವ ಅರ್ಜಿ ಮೊದಲು, ಯಾವುದು ಆಮೇಲೆ ಎಂದು ಜೋಡಿಸಿ ಇಡುವವನು ಪೇಶ್ಕಾರ. ಹುಕುಂ ಬರೆಯುವವರು ಸಾಹೇಬರೇ. ಆದರೆ ಅವರ ಕಣ್ಣಿಗೆ ಬೀಳದ ಕಾಗದಕ್ಕೆ ಹುಕುಂ ಎಲ್ಲಿಂದ ಬರಬೇಕು.

ವಿರೂಪಾಕ್ಷಪ್ಪನವರು ಮೊನ್ನೆ ಕಚೇರಿಗೆ ಬಂದಿದ್ದರು. ಸೋತವರ ಮುಖದಲ್ಲಿ ಅಷ್ಟು ಸಂತೋಷ ನಾನು ನೋಡಿದ್ದು ಇದೇ ಮೊದಲು. ನಿಮ್ಮನ್ನು ಬಾಯಿ ತುಂಬ ಹೊಗಳಿದರು. ಅವರದೊಂದು ಅರ್ಜಿ ಬಹಳ ದಿನದಿಂದ ಬಿದ್ದಿತ್ತು, ಅದನ್ನು ಮೇಲೆ ತೆಗೆದಿಟ್ಟೆ. ದೊಡ್ಡ ಮನಸ್ಸಿನವರು.

ನಿಮ್ಮ ಮಗ
ಅಂಬಪ್ಪ

ಸಾಲಗುಂದ
ಎಳ್ಳಮಾಸಿಯ ಮರುದಿನ

ಚಿರಂಜೀವಿ ಅಂಬಪ್ಪನಿಗೆ ಆಶೀರ್ವಾದ. ನಿನ್ನ ಬಹಮನ್ ಎಂಬುದು ಯಾವ ತಿಂಗಳು ಎಂದು ನಿನ್ನ ಅವ್ವ ಅಯ್ಯಮ್ಮ ಕೇಳಿದಳು. ಸರಕಾರದ ತಿಂಗಳು ಅಂದೆ. "ಸರಕಾರಕ್ಕ ಬ್ಯಾರೆ ಚಂದ್ರ ಐತೇನು" ಅಂದಳು. ಉತ್ತರ ನೀನೇ ಬರೆ.

ಎಳ್ಳಮಾಸಿಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ, ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಉಂಡು ಮಲಗಿದೆವು, ಮಸ್ಕಿಯಿಂದ ಹಿಂದಿನ ದಿನವಷ್ಟೇ ಬಂದ ಆಯಾಸ. ಹೌದು, ಮತ್ತೆ ಗೆದ್ದೆವು. ಈ ಸಲ ಎದುರಿಗೆ ಮಸ್ಕಿ ಪೇಟೆಯ ಅರಳೆ ವ್ಯಾಪಾರಿ ಶಿವಶರಣಪ್ಪ. ಎಂದೂ ಟಗರು ಕಟ್ಟಿದವನಲ್ಲ, ಈ ವರ್ಷ ಹೊಸದಾಗಿ ಶೋಕಿ ಹುಟ್ಟಿದೆಯಂತೆ. ಒಳ್ಳೆಯ ಜಾತಿಯ ಟಗರು, ಕೋಡು ಎರಡು ಸುತ್ತು ಬಂದಿದೆ. ನೋಡಿದರೆ ಸರದಾರನಿಗಿಂತ ಒಂದು ಕೈ ಮೇಲು. ಆದರೆ ಇವನೂ ಹೊಟ್ಟೆ ಉಬ್ಬಿಸಿ ತಂದಿದ್ದ, ನಡೆದರೆ ಕೊಡ ತುಳುಕಿದ ಸಪ್ಪಳ. ಐದನೆಯ ಟಕ್ಕರಿಗೆ ಅವನೇ ಓಡಿ ಬಂದು ಹಗ್ಗ ಹಿಡಿದು "ಸಾಕ್ರಿ, ಸೋತೆ" ಅಂದ. ಟಗರಿಗೆ ಇನ್ನೂ ಮನಸ್ಸಿತ್ತು, ಯಜಮಾನನಿಗೆ ಇರಲಿಲ್ಲ.

ಬಹುಮಾನ ಏನು ಗೊತ್ತೇನು? ಕರೆಯುವ ಎಮ್ಮೆ. ಎರಡು ಹೊತ್ತು ಸೇರಿ ನಾಲ್ಕು ಸೇರು ಹಾಲು. ನಿನ್ನ ಅವ್ವ ಅದಕ್ಕೆ ಪೂಜೆ ಮಾಡಿದಳು.

ಅರವತ್ತು ವರ್ಷ ಮಣ್ಣು ಕೆದಕಿದವನು ನಾನು. ಸಾಹುಕಾರರ ಮನೆಯ ಕಟ್ಟೆಯ ಮೇಲೆ ಕೂರು ಎಂದು ಯಾರೂ ಅಂದದ್ದಿಲ್ಲ. ಈಗ ಮಸ್ಕಿಯಲ್ಲಿ ಕರೆದು ಕೂರಿಸಿ ಎಲೆಅಡಿಕೆ ಕೊಡುತ್ತಾರೆ. ಒಂದು ಟಗರು ಮನುಷ್ಯನನ್ನು ಎಲ್ಲಿಗೆ ಒಯ್ದು ಕೂರಿಸುತ್ತದೆ ನೋಡು. ನಿನ್ನ ನೌಕರಿಯ ಹೆಮ್ಮೆ ಬೇರೆ, ಅದು ನಿನ್ನ ವಿದ್ಯೆಯ ಗಳಿಕೆ. ಇದು ನನ್ನದು, ನಾನು ಮೇಯಿಸಿ ತಿಕ್ಕಿ ಬೆಳೆಸಿದ್ದು.

ಗಾಳೆಪ್ಪ

ಲಿಂಗಸುಗೂರು
೨೦ ಇಸ್ಫಂದಾರ್, ೧೩೪೬ ಫಸಲಿ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಎಮ್ಮೆಯ ಸುದ್ದಿ ಓದಿದೆ. ಸರದಾರನಿಗೆ ವಯಸ್ಸಾಗುತ್ತ ಬಂದಿದೆ, ಈ ವರ್ಷಕ್ಕೆ ಕಾಳಗ ಸಾಕು ಎಂದು ನನಗೆ ಅನ್ನಿಸುತ್ತದೆ. ಆ ಎಮ್ಮೆಯನ್ನೂ ಶಿವಶರಣಪ್ಪನವರಿಗೆ ಏನಾದರೂ ನೆವ ಹೇಳಿ ತಿರುಗಿ ಕಳಿಸಿಬಿಡಿ. ಅವ್ವನಿಗೆ ಸೊಂಟನೋವು, ಹಿಂಡುವುದು ಕಷ್ಟ.

ನಿಮ್ಮ ಜೊತೆ ಇನ್ನು ಯಾರು ಯಾರು ಟಗರು ಬಿಡಲು ಕೇಳಿದ್ದಾರೆ, ಅವರ ಹೆಸರು, ಊರು ಬರೆದು ಕಳಿಸಿರಿ. ಸುಮ್ಮನೆ ಕೇಳಿದೆ.

ಅಂಬಪ್ಪ

ಸಾಲಗುಂದ
ಮಾಘ ಶುದ್ಧ ಪಂಚಮಿ

ಅಂಬಪ್ಪನಿಗೆ.

ನಿನ್ನ ಕಾಗದ ನನಗೆ ಅರ್ಥವಾಯಿತು, ಬಿಡಿಸಿ ಬರೆಯುವುದು ಬೇಕಾಗಿಲ್ಲ. ಪೇಶ್ಕಾರ ಸಾಹೇಬರ ಅಪ್ಪ ಕಣದಲ್ಲಿ ತಲೆಯ ಪಟಕಾ ಹಾರಿಸಿ ಕುಣಿಯುತ್ತಾನೆ ಎಂದು ಕಚೇರಿಯಲ್ಲಿ ಯಾರೋ ನಕ್ಕಿರಬೇಕು. ನಿನಗೆ ನಾಚಿಕೆಯಾಗಿದೆ. ಹೆಸರು, ಊರು ಕೇಳಿದ್ದು ನಾನು ಯಾರ ಯಾರ ಜೊತೆ ತಿರುಗುತ್ತೇನೆ ಎಂದು ತಿಳಿಯುವುದಕ್ಕೆ. ನಿನಗೆ ಅಕ್ಷರ ಕಲಿಸಲು ಐಗಳಿಗೆ ಕೊಟ್ಟ ಜೋಳ ಈ ಟಗರು ಕಾಯುವ ಕೈಯೇ ಬೆಳೆದದ್ದು.

ಅವ್ವನ ಸೊಂಟದ ಚಿಂತೆ ಬಿಡು. ಎಮ್ಮೆ ನಾನು ಹಿಂಡುತ್ತೇನೆ.

ಶಿವರಾತ್ರಿಯ ಮರುದಿನ ಮಸ್ಕಿಯಲ್ಲಿ ಶಿವಶರಣಪ್ಪ ಮತ್ತೆ ಕರೆದಿದ್ದಾನೆ. ಈ ಸಲ ಪಣಕ್ಕೆ ಒಂದು ಜೋಡಿ ಎತ್ತು. ನಾನು ಹೋಗುವವನೇ. ನಾಚಿಕೆಯಾದರೆ ನೀನು ಆ ದಿನ ಮಸ್ಕಿ ಕಡೆ ಬರಬೇಡ.

ಗಾಳೆಪ್ಪ

ಲಿಂಗಸುಗೂರು
೨೦ ಫರವರ್ದಿ, ೧೩೪೬ ಫಸಲಿ

ಅಪ್ಪಾ,

ನಾಚಿಕೆ ನಿಮ್ಮದಲ್ಲ. ನನ್ನ ಮೇಲೆ ನನಗೆ ನಾಚಿಕೆಯಾಗಿದೆ. ನಿಮ್ಮ ಮನಸ್ಸು ನೋಯುತ್ತದೆ ಎಂದು ಸುತ್ತು ಹಾಕಿ ಬರೆದೆ, ಅದರಿಂದ ಎರಡು ಪಟ್ಟು ನೋಯಿತು. ಈಗ ನೆಟ್ಟಗೆ ಬರೆಯುತ್ತೇನೆ. ಮುಗಿಯುವ ತನಕ ಓದಿರಿ.

ನಿಮ್ಮ ಎಮ್ಮೆಯ ಕಾಗದ ಬಂದ ಮೇಲೆ ಒಂದು ದಿನ ಕಚೇರಿಯ ಕಟ್ಟೆಯ ಮೇಲೆ ವಳಕಮದಿನ್ನಿಯ ಆದಮ್ಮ ಎಂಬ ಕುರಿಯವರ ಹೆಂಗಸು ಬಂದು ಕೂತಿದ್ದಳು. ನನ್ನನ್ನು ನೋಡಿ ಎದ್ದಳು. "ನಿಮ್ಮಪ್ಪನ ಟಗರು ಗೆದ್ದೈತಂತಲ್ಲ ಯಪ್ಪಾ. ಅದು ಗೆದ್ದಿದ್ದಕ್ಕ ನಮ್ಮ ಕುರಿ ಮೇಯೋ ಜಾಗ ಹೋತು" ಅಂದಳು. ನನಗೆ ತಿಳಿಯಲಿಲ್ಲ. ಆಗ ಅವಳೇ ಬಿಡಿಸಿ ಹೇಳಿದಳು. ಊರ ದನಕುರಿ ಮೇಯುವ ಗಾಯರಾಣಕ್ಕೆ ವಿರೂಪಾಕ್ಷಪ್ಪ ಜಾಲಿಮುಳ್ಳಿನ ಬೇಲಿ ಹಾಕಿದ್ದಾರೆ, ಅದು ತನ್ನ ಹೊಲವೆಂದು ಬರೆಸಿಕೊಳ್ಳಲು ಅರ್ಜಿ ಕೊಟ್ಟಿದ್ದಾರೆ. ನಾನು ಮೇಲೆ ತೆಗೆದಿಟ್ಟೆ ಎಂದು ನಿಮಗೆ ಬರೆದೆನಲ್ಲ, ಅದೇ ಅರ್ಜಿ. ಆದಮ್ಮನ ತಕರಾರು ಅದರ ಕೆಳಗೇ ಇತ್ತು. ನಾನು ಅದನ್ನು ಎತ್ತಿ ನೋಡಲಿಲ್ಲ. ದೊಡ್ಡ ಮನಸ್ಸಿನವರು ಎಂದುಕೊಂಡು ಮೇಲಿನದಷ್ಟನ್ನೇ ಎತ್ತಿದೆ.

ಅವಳ ಅಣ್ಣ ಮುದುಕಪ್ಪ ವಿರೂಪಾಕ್ಷಪ್ಪನ ಟಗರು ನೋಡಿಕೊಳ್ಳುವವನು. "ಆವತ್ತು ಮುಂಜಾನೆ ಆ ಟಗರಿಗೆ ಹೊಟ್ಟಿ ತುಂಬ ಹುರುಳಿ ತಿನಿಸಿ, ನೀರು ಕುಡಿಸಂತ ಯಜಮಾನ್ರ ಮುಂದ ನಿಂತು ಕುಡಿಸ್ಯಾರ. ನಮ್ಮ ಮುದುಕಪ್ಪ ಅತ್ತಾನ್ರಿ, ಹಂತಾ ಟಗರು ಸೋಲಿಸಬೇಕಾತಲ್ಲ ಅಂತ" ಅಂದಳು. ನಾನು ಒಳಗೆ ಹೋಗಿ ಶಿವಶರಣಪ್ಪನ ಹೆಸರು ಹುಡುಕಿದೆ. ಇತ್ತು. ಮಸ್ಕಿ ಪೇಟೆಯಲ್ಲಿ ಸರಕಾರಿ ಜಾಗ ಬೇಕೆಂದು ಅರ್ಜಿ.

ಅಪ್ಪಾ, ಲಂಚ ಅಂದರೆ ಕೈಯಲ್ಲಿ ರೂಪಾಯಿ ಇಡುವುದೇ ಎಂದು ನಾನೂ ತಿಳಿದಿದ್ದೆ. ಕಾನೂನಿನ ಪುಸ್ತಕ ತೆಗೆದು ಓದಿದೆ. ಕಚೇರಿಯಲ್ಲಿ ಕೆಲಸವಿದ್ದವನು ನೌಕರನಿಗೋ, ಅವನ ಸಲುವಾಗಿ ಅವನ ಮನೆಯವರಿಗೋ ಬೆಲೆಬಾಳುವುದನ್ನು ಸುಮ್ಮನೆ ಕೊಟ್ಟರೆ, ಯಾವ ಹೆಸರಿನಲ್ಲಿ ಕೊಟ್ಟ ಎಂದು ಕಾನೂನು ಕೇಳುವುದಿಲ್ಲ. ಒಬ್ಬರು ಅಧಿಕಾರಿಯ ಮುದಿ ಕುದುರೆಯನ್ನು ಮೂರು ಪಟ್ಟು ಬೆಲೆಗೆ ಕೊಳ್ಳುತ್ತಾರೆ. ಇನ್ನೊಬ್ಬರು ತೊಟ್ಟಿಲ ಕೂಸಿಗೆ ಬಂಗಾರದ ಗಿಲಕಿ ಕೊಡುತ್ತಾರೆ. ನಮ್ಮ ಸಾಹುಕಾರರು ಇವರೆಲ್ಲರಿಗಿಂತ ಜಾಣರು, ತಮ್ಮ ಟಗರನ್ನು ತಾವೇ ಸೋಲಿಸಿದರು. ಗೆದ್ದವನು ಬಹುಮಾನ ಬೇಡ ಅನ್ನುವುದುಂಟೇ, ಅದರಲ್ಲೂ ನೀವು.

ಜಂಗ್ಲಿಸಾಬ ಹೇಳಿದ ಮಾತು ನೆನಪು ಮಾಡಿಕೊಳ್ಳಿ. ಅವನು ನನ್ನನ್ನು ಹೊಗಳಿದ್ದಲ್ಲ.

ತಿಳಿಯದೆ ತೆಗೆದುಕೊಂಡಿರಿ, ನಿಮ್ಮ ತಪ್ಪಿಲ್ಲ. ಆದರೆ ಇಂದಿನಿಂದ ತಿಳಿದಂತಾಯಿತು. ಆ ಎತ್ತಿನ ಜೋಡಿ ನಮ್ಮ ಹಟ್ಟಿಗೆ ಬಂದರೆ ನಾನು ಆ ಕುರ್ಚಿಯ ಮೇಲೆ ಕೂರಲಾರೆ. ಮುಂದಿನದು ನಿಮಗೆ ಬಿಟ್ಟದ್ದು.

ಅಂಬಪ್ಪ

ಸಾಲಗುಂದ
ಫಾಲ್ಗುಣ ಶುದ್ಧ ತದಿಗೆ

ಚಿರಂಜೀವಿ ಅಂಬಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ಸುಳ್ಳು ಅಂದೆ. ಎರಡನೆಯ ಸಲ ಓದಿ ಸರದಾರನ ಹತ್ತಿರ ಹೋಗಿ ಕೂತೆ. ಉಚ್ಚೆ ಹೊಯ್ದದ್ದನ್ನು, ಹೊಟ್ಟೆ ತುಳುಕಿದ್ದನ್ನು ನಿನಗೆ ಬರೆದವನು ನಾನೇ. ನೀರು ಕುಡಿಸಿ ತಂದಿದ್ದಾರೆ ಎಂದು ನೋಡಿದೆ, ನಕ್ಕೆ. ಯಾಕೆ ಕುಡಿಸಿದರು ಎಂದು ಕೇಳಲಿಲ್ಲ. ನಲವತ್ತು ವರ್ಷ ಟಗರು ಸಾಕಿದವನಿಗೆ ಗೆಲುವು ಕಣ್ಣಿಗೆ ಮಣ್ಣು ಎರಚಿತು.

ಮೊದಲು ವಳಕಮದಿನ್ನಿಗೆ ಹೋದೆ. ಚಾವಡಿಯಲ್ಲಿ ಹತ್ತು ಮಂದಿ ಇರುವಾಗ ಕಡಗ ಬಿಚ್ಚಿ ವಿರೂಪಾಕ್ಷಪ್ಪನ ಮುಂದೆ ಇಟ್ಟೆ. "ಇದು ನನ್ನ ಕೈಗೆ ದೊಡ್ಡದಾಗೈತ್ರಿ" ಅಂದೆ. ಹೊರಗೆ ಬಂದಾಗ ಮುದುಕಪ್ಪ ತಲೆಬಾಗಿ ನಿಂತಿದ್ದ. ಅವನ ಟಗರನ್ನು ಕೇಳಿ ಮುಟ್ಟಿ ನೋಡಿದೆ. ಚಂದ ಸಾಕಿದ್ದಾನೆ.

ಶಿವರಾತ್ರಿಯ ಮರುದಿನ ಮಸ್ಕಿಗೂ ಹೋದೆ. ಸರದಾರನ ಹಿಂದೆ ಆ ಎಮ್ಮೆಯನ್ನೂ ಹೊಡೆದುಕೊಂಡು ಹೋದೆ. ಕಣದಲ್ಲಿ ಮಂದಿ ಜಾತ್ರೆಯಂತೆ ನೆರೆದಿತ್ತು. ಎತ್ತಿನ ಜೋಡಿಗೆ ಜೂಲ ಹೊದಿಸಿ ನಿಲ್ಲಿಸಿದ್ದರು, ಸುಳ್ಳು ಯಾಕೆ ಹೇಳಲಿ, ಎತ್ತು ಚಂದ ಇದ್ದವು. ಶಿವಶರಣಪ್ಪ ಟಗರು ಬಿಡುವ ಮುಂಚೆ ನಾನು ಹೋಗಿ ಅದರ ಹೊಟ್ಟೆಯ ಮೇಲೆ ಅಂಗೈ ಒತ್ತಿದೆ.

"ಶಿವಶರಣಪ್ಪನವರ, ಇದು ನೀರು ಕುಡದೈತಿ. ಒಯ್ದು ಕಟ್ರಿ. ನಾಳೆ ಹಸಿದು ಬರಲಿ. ನಾ ಇಲ್ಲೇ ಕುಂದರ್ತೀನಿ."

"ಅದೇನು ಬಿಡ್ರಿ ಗಾಳೆಪ್ಪನವರ. ಗೆದ್ರ ಎತ್ತು ನಿಮ್ವು."

"ಗೆದ್ರ ಅನ್ನೋದೇನೈತಿ. ನಿಮ್ಮ ಟಗರು ಮನ್ಯಾಗ ಸೋತ ಬಂದೈತಿ."

ಎಮ್ಮೆಯ ಹಗ್ಗ ಅವನ ಕೈಗೆ ಕೊಟ್ಟೆ. "ಎರಡು ತಿಂಗಳು ಹಾಲು ಕುಡದೀವಿ. ಹುಲ್ಲು, ಹಿಂಡಿ ನಮ್ದು. ಮ್ಯಾಲಿನ ಹಾಲಿಗೆ ಎರಡು ಚೀಲ ಜೋಳ ಜಂಗ್ಲಿಸಾಬನ ಬಂಡ್ಯಾಗ ಐತಿ, ಇಳಿಸ್ಕೋರಿ" ಅಂದೆ. ಯಾರನ್ನೂ ಬೈಯಲಿಲ್ಲ, ನಿನ್ನ ಹೆಸರು ಎತ್ತಲಿಲ್ಲ. ಆದರೂ ಅಲ್ಲಿದ್ದವರಲ್ಲಿ ತಿಳಿಯದವರು ಯಾರೂ ಉಳಿಯಲಿಲ್ಲ. ಸರದಾರನ ಹಗ್ಗ ಹಿಡಿದು ಹೊರಟೆ. ಅಂಬಪ್ಪಾ, ಆ ಹತ್ತು ಹೆಜ್ಜೆ ನನ್ನ ಜೀವಮಾನದಲ್ಲಿ ಬಹಳ ಉದ್ದದ ಹಾದಿ. ಯಾರೋ ಹಿಂದಿನಿಂದ ನಕ್ಕರು.

ಆಗ ಜಂಗ್ಲಿಸಾಬ ಬಂಡಿಯ ನೊಗಕ್ಕೆ ಕಟ್ಟಿದ್ದ ತನ್ನ ಟಗರು ಬಿಚ್ಚಿದ. ನಾನು ಕೇಳಿರಲಿಲ್ಲ. "ಈಗ ನಿಮ್ಮ ಮಗ ಕಣದಾಗ ಇಲ್ರಿ. ಈಗ ಬರ್ರಿ" ಅಂದ. ಅವನಿಗೆ ಯಾವ ಕಚೇರಿಯಲ್ಲೂ ಒಂದು ಚೂರು ಕಾಗದವಿಲ್ಲ, ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅವನ ಟಗರಿನ ಹೊಟ್ಟೆ ಮುಟ್ಟಿದೆ, ನನ್ನ ಟಗರಿನ ಹೊಟ್ಟೆ ಅವನು ಮುಟ್ಟಿದ. ಎರಡೂ ಒಳಗೆ ಅಂಟಿಕೊಂಡಿದ್ದವು.

ಬಿಟ್ಟೆವು. ಏಳನೆಯ ಟಕ್ಕರು ಬಂದಾಗ ನಾನು ಕಣ್ಣು ಮುಚ್ಚಿದೆ. ತೆಗೆದಾಗ ಸರದಾರ ನಿಂತಿದ್ದ. ಹತ್ತು ಆಯಿತು, ಹದಿನೈದು ಆಯಿತು. ಹದಿನೆಂಟಕ್ಕೆ ಸರದಾರನ ಎಡಗೋಡಿನ ತುದಿ ಮುರಿಯಿತು, ರಕ್ತ ಕಣ್ಣಿಗೆ ಇಳಿಯಿತು. ಹಗ್ಗ ಹಿಡಿಯಲು ಹೋದೆ, ಅವನು ಹಿಂದಕ್ಕೆ ಸರಿದು ಮತ್ತೆ ಓಡಿ ಹೋಗಿ ಹೊಡೆದ. ಇಪ್ಪತ್ತು ದಾಟಿದ ಮೇಲೆ ಮಸ್ಕಿಯ ಮಂದಿ ನಮ್ಮ ಟಗರಿನ ಹೆಸರು ಕೂಗಿದರು, ಯಾರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತೊಂಬತ್ತು ಟಕ್ಕರು ಕೊಟ್ಟು ಸರದಾರ ನಿಂತ. ಎದುರಿಗಿನವನನ್ನು ಒಂದು ಗಳಿಗೆ ನೋಡಿದ, ಪಕ್ಕಕ್ಕೆ ತಿರುಗಿದ. ಓಡಲಿಲ್ಲ. ನಡೆದು ನನ್ನ ಹತ್ತಿರ ಬಂದ.

ಸೋತೆವು. ಬರಿಗೈಯಲ್ಲಿ ಊರಿಗೆ ಬಂದೆವು. ಸಾಲಗುಂದದ ತನಕ ಎದೆ ಸೆಟೆದು ನಡೆದೆ. ಕೋಡಿಗೆ ಅರಿಶಿನ ಎಣ್ಣೆ ಹಚ್ಚಿದ್ದೇನೆ.

ಗಾಳೆಪ್ಪ

ಲಿಂಗಸುಗೂರು
ಫಾಲ್ಗುಣ ಬಹುಳ ಬಿದಿಗೆ

ಅಪ್ಪಾ, ಪಾದಕ್ಕೆ ನಮಸ್ಕಾರ. ಈ ಸಲ ಅವ್ವನ ಚಂದ್ರನ ಲೆಕ್ಕದಲ್ಲೇ ತಿಥಿ ಹಾಕಿದ್ದೇನೆ.

ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ಶಿವರಾತ್ರಿಗೆ ಮುಂಚೆಯೇ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಬರೆದು ಕೊಟ್ಟೆ. ಕಡಗ, ಎಮ್ಮೆ, ನಾನು ಅರ್ಜಿ ಮೇಲಿಟ್ಟದ್ದು, ಒಂದನ್ನೂ ಬಿಡಲಿಲ್ಲ. ಅವರು ಎರಡು ಸಲ ಓದಿದರು. ಪೇಶ್ಕಾರಿಯಿಂದ ತೆಗೆದು ಹಳೆಯ ಕಾಗದಗಳ ಕೋಣೆಗೆ ಹಾಕಿದರು. ಪಗಾರ ಕಡಿಮೆ, ಧೂಳು ಜಾಸ್ತಿ. ನೀವು ಮಸ್ಕಿಯಲ್ಲಿ ಎಮ್ಮೆಯ ಹಗ್ಗ ಕೊಡುವಾಗ ನಾನು ಪೇಶ್ಕಾರನಾಗಿರಲಿಲ್ಲ. ನಿಮಗೆ ತಿಳಿಸಿದ್ದರೆ ಎರಡು ಪೆಟ್ಟು ಒಂದೇ ದಿನ ಬೀಳುತ್ತಿತ್ತು, ಅದಕ್ಕೆ ತಿಳಿಸಲಿಲ್ಲ.

ಹೊಸ ಪೇಶ್ಕಾರರು ವಿರೂಪಾಕ್ಷಪ್ಪನ ಅರ್ಜಿ, ಆದಮ್ಮನ ತಕರಾರು ಎರಡನ್ನೂ ಸಾಹೇಬರ ಮುಂದೆ ಜೊತೆಗೆ ಇಟ್ಟರು. ಸಾಹೇಬರ ಹುಕುಂ ಬಂತು, ಗಾಯರಾಣದ ಬೇಲಿ ಕಿತ್ತರು. ಆದಮ್ಮ ಒಂದು ಗಡಿಗೆ ಮಜ್ಜಿಗೆ ತಂದಿದ್ದಳು, ಬೇಡ ಅಂದೆ. "ಯಪ್ಪಾ, ಈಗ ನಿನ್ನ ಕೈಯಾಗ ಏನೈತಂತ ಲಂಚ ಕೊಡ್ಲಿ. ಬಿಸಲಾಗ ಬಂದೀನಿ, ಸುಮ್ಮನ ಕುಡಿ" ಎಂದು ಬೈದಳು. ಕುಡಿದೆ. ಅಂಥ ಮಜ್ಜಿಗೆ ಪೇಶ್ಕಾರನಾಗಿದ್ದಾಗ ಕುಡಿದಿರಲಿಲ್ಲ.

ಜಂಗ್ಲಿಸಾಬ ಬಂದು ಕಚೇರಿಯ ಅಂಗಳದಲ್ಲಿ ಕಾಳಗವನ್ನು ಪೂರ್ತಿ ಹೇಳಿದ. ಮೂವತ್ತು ಟಕ್ಕರು ಅಂದ. ಮಂದಿ ಬಂದು ನನ್ನನ್ನು ಕೇಳುತ್ತಾರೆ. ಮೂವತ್ತು ಟಕ್ಕರು ಕೊಟ್ಟ ಟಗರು ನಮ್ಮದು, ಆ ಟಗರಿನ ಯಜಮಾನ ನಮ್ಮಪ್ಪ ಎಂದು ಹೇಳುತ್ತೇನೆ. ನನ್ನ ನೌಕರಿಯ ಸುದ್ದಿ ಹೇಳುವಾಗಲೂ ನನ್ನ ದನಿ ಇಷ್ಟು ಮೇಲೆ ಏರಿರಲಿಲ್ಲ.

ನಿಮ್ಮ ಮಗ
ಅಂಬಪ್ಪ

ಸಾಲಗುಂದ
ಈಶ್ವರ ಸಂವತ್ಸರ, ಯುಗಾದಿ

ಚಿರಂಜೀವಿ ಅಂಬಪ್ಪನಿಗೆ ಹೊಸ ವರ್ಷದ ಆಶೀರ್ವಾದ. ಬೇವು ಬೆಲ್ಲ ಕಟ್ಟಿ ಕಳಿಸಿದ್ದೇವೆ, ಬೇವು ನಿನ್ನ ಅವ್ವ ಸ್ವಲ್ಪ ಹೆಚ್ಚೇ ಹಾಕಿದ್ದಾಳೆ.

ಪೇಶ್ಕಾರಿ ಹೋದ ಸುದ್ದಿ ಓದಿ ನಿನ್ನ ಅವ್ವ ಅತ್ತಳು. ನಾನು ಅಳಲಿಲ್ಲ. ನೀನೂ ಕಣದಿಂದ ಓಡಿ ಬಂದವನಲ್ಲ, ನಡೆದು ಬಂದವನು. ಊರಲ್ಲಿ ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ.

ಒಂದು ಮಾತು. ಕಚೇರಿಯಲ್ಲಿ ಮೂವತ್ತು ಎಂದು ಹೇಳುತ್ತ ತಿರುಗುವುದನ್ನು ಬಿಡು. ಜಂಗ್ಲಿಸಾಬ ಒಳ್ಳೆಯ ಮನುಷ್ಯ, ಪ್ರೀತಿಗೆ ನಮಗೆ ಒಂದು ಜಾಸ್ತಿ ಹಾಕಿ ಹೇಳಿದ್ದಾನೆ. ಅವನಿಗೂ ಹೇಳಿ ಕಳಿಸಿದ್ದೇನೆ, ಅದು ನಮಗೆ ಬೇಡ ಎಂದು. ನಾನು ಒಂದೊಂದನ್ನೂ ಎಣಿಸಿದ್ದೇನೆ. ಇಪ್ಪತ್ತೊಂಬತ್ತು.

ಗಾಳೆಪ್ಪ